ಮಳೆ ಕೇಳುವ ದನಿ: ಬ್ರೆಜಿಲಿನ ಹಾಡುಗಳಲ್ಲಿ ಬಡವನೂ ಅವನ ದೇವರೂ

ಲೂಯಿಜ್ ಗೊನ್ಜಾಗ ಎಂಬ ಅಕಾರ್ಡಿಯನ್ ವಾದಕ 1947ರಲ್ಲಿ ಧ್ವನಿಮುದ್ರಿಸಿದ ‘ಆಸಾ ಬ್ರಾಂಕಾ’ ಎಂಬ ಹಾಡನ್ನು ಬ್ರೆಜಿಲಿನ ಈಶಾನ್ಯ ಭಾಗದ ಜನರು ತಮ್ಮ ನಾಡಗೀತೆಯೆಂದೇ ಭಾವಿಸುತ್ತಾರೆ. ಆ ಹಾಡಿನ ರೈತನು ಬಾಯಿ ತೆರೆದೊಡನೆ ಮಾತನಾಡಿಸುವುದು ದೇವರನ್ನು. ನೆಲವೆಲ್ಲ ಸಂತ ಜಾನನ ಹಬ್ಬದ ಬೆಂಕಿಯ ಹಾಗೆ ಉರಿಯುತ್ತಿರುವುದನ್ನು ಕಂಡು, ಮೇಲಿರುವ ದೇವರೇ, ಇಂಥ ಹಿಂಸೆ ಏತಕ್ಕೆ ಎಂದು ಅವನು ಕೇಳುತ್ತಾನೆ. ಉತ್ತರ ಬರುವುದಿಲ್ಲ. ಪೈರು ಒಣಗುತ್ತದೆ, ದನ ಸಾಯುತ್ತದೆ, ಕುದುರೆ ನೀರಡಿಸಿ ಬೀಳುತ್ತದೆ, ಕೊನೆಗೆ ಬಿಳಿರೆಕ್ಕೆಯ ಕಾಡುಪಾರಿವಾಳವೂ ಆ ನೆಲವನ್ನು ಬಿಟ್ಟು ಹಾರಿಹೋಗುತ್ತದೆ. ರೈತನು ತಾನು ಮೆಚ್ಚಿದ ರೋಸಿನ್ಹಾಳಿಗೆ ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಊರು ತೊರೆಯುತ್ತಾನೆ. ಜೂನ್ 24ರಂದು ಬರುವ ಸಂತ ಜಾನನ ಹಬ್ಬ ಆ ಸೀಮೆಯಲ್ಲಿ ಮುಸುಕಿನ ಜೋಳದ ಸುಗ್ಗಿಯ ಕಾಲದ್ದು. ಮನೆಗಳ ಮುಂದೆ ಹಚ್ಚುವ ಆ ಬೆಂಕಿ ಸಂತಸದ ಬೆಂಕಿ, ಅದರ ಕೆಂಡದಲ್ಲಿ ಹೊಸ ಜೋಳದ ತೆನೆ ಸುಡುತ್ತಾರೆ. ಬೆಳೆಯೇ ಇಲ್ಲದ ವರ್ಷ ಸುಡುತ್ತಿರುವ ಹೊಲವನ್ನು ವರ್ಣಿಸಲು ರೈತನಿಗೆ ಸಿಕ್ಕ ಹೋಲಿಕೆಯೂ ಅದೇ ಬೆಂಕಿ ಎಂಬುದರಲ್ಲಿ, ಆ ಹಾಡಿನ ನೋವೆಲ್ಲ ಅಡಗಿದೆ ಎಂದು ನಾನು ನಂಬಿದ್ದೇನೆ.

ಮಂಡ್ಯ ಜಿಲ್ಲೆ ಎಂದೊಡನೆ ಜನರಿಗೆ ನೆನಪಾಗುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತದ ಗದ್ದೆ. ನನ್ನ ಊರು ನಾಗಮಂಗಲದ ಕಡೆ, ನಾಲೆಯ ನೀರು ಕಾಣದ ಬೆದ್ದಲು ಭೂಮಿಯ ನಡುವೆ. ರಾಗಿ, ಹುರುಳಿ, ಎಳ್ಳು ಬಿತ್ತಿ ಆಕಾಶ ನೋಡುವುದೇ ಅಲ್ಲಿನ ಬೇಸಾಯ. ಮುಂಗಾರು ಕೈಕೊಟ್ಟ ವರ್ಷ ನನ್ನ ಅಜ್ಜಿ ಹೊಸ್ತಿಲಲ್ಲಿ ಕುಳಿತು, “ಏನಪ್ಪಾ ಮಾದಪ್ಪ, ನಿನ್ ಕಣ್ಗೆ ನಾವು ಕಾಣಾಕಿಲ್ವಾ? ನಿಂಗೆ ಏನ್ ಕಮ್ಮಿ ಮಾಡಿದ್ದೊ?” ಎಂದು ಜಗಳಕ್ಕೆ ನಿಂತವರ ದನಿಯಲ್ಲಿ ಕೇಳುತ್ತಿದ್ದರು. ಆ ಮಾತಿನಲ್ಲಿ ಭಕ್ತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಈಗ ಮೈಸೂರಿನಲ್ಲಿ ಕುಳಿತು, ಅನುವಾದಗಳ ಸಹಾಯದಿಂದ ಈ ಪೋರ್ಚುಗೀಸ್ ಹಾಡುಗಳನ್ನು ಒಂದೊಂದಾಗಿ ಕೇಳುತ್ತ ಹೋದಾಗ ನನಗೆ ಮೊದಲು ಗುರುತು ಸಿಕ್ಕಿದ್ದು ಆ ದನಿಯೇ. ಬಡವರ ಭಕ್ತಿ ಅವರನ್ನು ತೆಪ್ಪಗಿರಿಸುವ ಮದ್ದು ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಬ್ರೆಜಿಲಿನ ಈ ಹಾಡುಗಳು ಬೇರೆಯೇ ಸಾಕ್ಷ್ಯ ನುಡಿಯುತ್ತವೆ. ಜಮೀನುದಾರನ ಮುಂದೆಯೂ ಸರ್ಕಾರದ ಮುಂದೆಯೂ ಕೇಳಲಾಗದ ಲೆಕ್ಕವನ್ನು ಬಡವನು ದೇವರ ಮುಂದೆ ಕೇಳುತ್ತಾನೆ. ಕೇಳುವ ಆ ಸಲುಗೆಯೇ ಅವನ ಭಕ್ತಿಯ ಹುರುಳು.

ಈ ಹಾಡುಗಳು ಹುಟ್ಟಿದ ಒಳನಾಡಿಗೆ ಸೆರ್ತಾವ್ ಎಂದು ಹೆಸರು. ಪೆರ್ನಂಬುಕೊ, ಸೆಯಾರಾ, ಪರೈಬಾ, ಬಹಿಯಾ ಮೊದಲಾದ ರಾಜ್ಯಗಳ ಒಳಭಾಗದಲ್ಲಿ ಹರಡಿರುವ ಈ ಸೀಮೆಯ ಕಾಡು ಮುಳ್ಳುಗಿಡಗಳ ಕುರುಚಲು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೂದುಬಣ್ಣಕ್ಕೆ ತಿರುಗುತ್ತದೆ, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ಅಲ್ಲಿ 1877ರಿಂದ 1879ರವರೆಗೆ ಬಿದ್ದ ಮಹಾಬರದಲ್ಲಿ ಹಸಿವಿನಿಂದಲೂ ಸಿಡುಬಿನಿಂದಲೂ ಲಕ್ಷಾಂತರ ಜನರು ಸತ್ತರು. ಮೈಸೂರಿನ ಓದುಗರು ಈ ಇಸವಿಗಳನ್ನು ಗಮನಿಸಬೇಕು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ, 1876ರಿಂದ 1878ರವರೆಗಿನ ಕ್ಷಾಮವೂ ಅದೇ ಕಾಲದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯೇರಿದ ಒಂದೇ ಎಲ್ ನಿನೊ, ಇಲ್ಲಿ ಮುಂಗಾರನ್ನೂ ಅಲ್ಲಿ ಮಳೆಗಾಲವನ್ನೂ ಕೆಡಿಸಿತ್ತು. ಒಬ್ಬರ ಹೆಸರನ್ನೊಬ್ಬರು ಕೇಳದ ಎರಡು ನಾಡುಗಳ ಒಕ್ಕಲುಮಕ್ಕಳು, ಒಂದೇ ಕಾಲದಲ್ಲಿ, ಬೇರೆ ಬೇರೆ ದೇವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

ಗೊನ್ಜಾಗ ಹುಟ್ಟಿದ್ದು 1912ರ ಡಿಸೆಂಬರ್ 13ರಂದು, ಪೆರ್ನಂಬುಕೊದ ಎಶು ಎಂಬ ಊರಿನಲ್ಲಿ. ಅದು ಸಂತ ಲೂಸಿಯಾಳ ದಿನವಾದ್ದರಿಂದಲೇ ಅವನಿಗೆ ಲೂಯಿಜ್ ಎಂಬ ಹೆಸರು ಬಂದಿತು. ಸೆರ್ತಾವ್‌ನಲ್ಲಿ ಆ ದಿನಕ್ಕೆ ಇನ್ನೊಂದು ಮಹತ್ವವಿದೆ. ಆ ರಾತ್ರಿ ಆರು ಉಪ್ಪಿನ ಹರಳುಗಳನ್ನು ಸಾಲಾಗಿ ಬಯಲಿನಲ್ಲಿಟ್ಟು, ಜನವರಿಯಿಂದ ಜೂನ್‌ವರೆಗಿನ ಒಂದೊಂದು ತಿಂಗಳಿಗೆ ಒಂದೊಂದು ಹರಳೆಂದು ಎಣಿಸಿ, ಬೆಳಗಿಗೆ ಯಾವ ಹರಳು ನೀರೊಡೆದಿದೆಯೋ ಆ ತಿಂಗಳು ಮಳೆಯಾಗುತ್ತದೆಂದು ರೈತರು ಲೆಕ್ಕ ಹಾಕುತ್ತಾರೆ. ಕೊನೆಯ ಗಡುವು ಮಾರ್ಚ್ 19, ಸಂತ ಜೋಸೆಫನ ದಿನ. ಅಷ್ಟರೊಳಗೆ ಮಳೆ ಹಿಡಿಯದಿದ್ದರೆ ಆ ವರ್ಷ ಮುಗಿಯಿತೆಂದೇ ಅರ್ಥ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಆಕಾಶದ ನಡೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಸಮಭಾಜಕ ವೃತ್ತದ ಸುತ್ತಣ ಮೋಡಗಳ ಪಟ್ಟಿ ದಕ್ಷಿಣಕ್ಕೆ ಅತಿ ಹೆಚ್ಚು ಸರಿದು ಈ ಸೀಮೆಯ ಉತ್ತರಭಾಗಕ್ಕೆ ಮಳೆ ತರುವುದು ಮಾರ್ಚ್ ಏಪ್ರಿಲ್ ಹೊತ್ತಿಗೇ. ಆಗಲೂ ಬರಲಿಲ್ಲವೆಂದರೆ ಮುಂದೆ ಬರುವುದು ದುರ್ಲಭ. ಸಂತನ ಹೆಸರಿನಲ್ಲಿ ರೈತರು ಉಳಿಸಿಕೊಂಡಿದ್ದು ತಲೆಮಾರುಗಳ ಅನುಭವವನ್ನು. ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಕರೆದು ಬಿತ್ತನೆಯ ಹದ ಗೊತ್ತುಮಾಡುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಳೆಗಾಗಿ ದೇವರನ್ನು ಬೇಡುವುದರ ಜೊತೆಗೆ ದೇವರನ್ನು ಒತ್ತಾಯಿಸುವ ಪದ್ಧತಿಯೂ ಅಲ್ಲಿದೆ. ನೆರೆಮನೆಯ ಸಂತ ಜೋಸೆಫನ ಮೂರ್ತಿಯನ್ನು ಕದ್ದು ಬಚ್ಚಿಟ್ಟು, ಮಳೆ ಬಂದ ಮೇಲೆ ಮೆರವಣಿಗೆಯಲ್ಲಿ ಹಾಡುತ್ತ ತಂದು ಒಪ್ಪಿಸುತ್ತಾರೆ. ಗರ್ಭಗುಡಿಗೆ ನೀರು ತುಂಬಿ ಲಿಂಗವನ್ನು ಮುಳುಗಿಸುವ ಜಲದಿಗ್ಬಂಧನವನ್ನೂ, ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ನೀರು ಹುಯ್ಯಿಸಿಕೊಳ್ಳುವ ಹುಡುಗರನ್ನೂ ಕಂಡ ನಾಡು ನಮ್ಮದು. ಕೈಮುಗಿಯುವುದು ಮತ್ತು ಕೈಹಿಡಿದು ಜಗ್ಗುವುದು, ಎರಡೂ ಒಂದೇ ಭಕ್ತಿಯ ಕೆಲಸಗಳೆಂದು ಹಳ್ಳಿಯವರಿಗೆ ಗೊತ್ತು.

ಈ ಗಡುವುಗಳ ಕಥೆಯನ್ನೇ ಹೇಳುವ ಒಂದು ದೀರ್ಘ ಹಾಡಿದೆ. ಅದನ್ನು ಬರೆದವರು ಸೆಯಾರಾ ರಾಜ್ಯದ ಅಸ್ಸರೆ ಎಂಬ ಊರಿನ ರೈತಕವಿ ‘ಪಟಟೀವಾ’. ನಿಜನಾಮ ಅಂತೋನಿಯೊ ಗೊನ್ಸಾಲ್ವೆಸ್ ದ ಸಿಲ್ವಾ, ಹುಟ್ಟಿದ್ದು 1909ರಲ್ಲಿ, ತೀರಿಕೊಂಡಿದ್ದು 2002ರಲ್ಲಿ. ಬಾಲ್ಯದಲ್ಲಿಯೇ ಒಂದು ಕಣ್ಣು ಕಳೆದುಕೊಂಡ, ಕೆಲವೇ ತಿಂಗಳು ಶಾಲೆಗೆ ಹೋದ ಈ ಕವಿ, ಹೊಲದ ಕೆಲಸ ಮಾಡುತ್ತಲೇ ಪದ್ಯಗಳನ್ನು ಕಟ್ಟಿ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ‘ತ್ರಿಸ್ತೆ ಪರ್ತೀದಾ’ ಎಂಬ ಅವರ ಪದ್ಯವನ್ನು ಗೊನ್ಜಾಗ 1964ರಲ್ಲಿ ಹಾಡಿದ. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು, ಉಪ್ಪಿನ ಹರಳಿನ ಪರೀಕ್ಷೆ ಸೋತಿತು. ಕ್ರಿಸ್ಮಸ್ ಮುಂಜಾವಿನ ಮೋಡದ ಗೆರೆಯನ್ನು ನೆಚ್ಚಿದರೆ ಕೆಂಪು ಸೂರ್ಯ ಹುಟ್ಟಿದ. ಕೊನೆಗೆ ಸಂತ ಜೋಸೆಫನ ಮಾರ್ಚ್ ಕೂಡ ಬರಿದಾಯಿತು. ಒಂದೊಂದು ನಂಬಿಕೆಯೂ ಕುಸಿದಂತೆ ರೈತನು ಮುಂದಿನ ನಂಬಿಕೆಯನ್ನು ಹಿಡಿದುಕೊಳ್ಳುತ್ತಾನೆ. ಎಲ್ಲವೂ ಮುಗಿದ ಮೇಲೆ ಕತ್ತೆ, ಕುದುರೆ, ಕೋಳಿಹುಂಜವನ್ನೂ ಬಂದ ಬೆಲೆಗೆ ಮಾರಿ, ಹೆಂಡತಿ ಮಕ್ಕಳೊಂದಿಗೆ ಲಾರಿ ಹತ್ತಿ ಸಾವ್ ಪೌಲೊ ಮಹಾನಗರಕ್ಕೆ ಹೊರಡುತ್ತಾನೆ. ಲಾರಿಯಲ್ಲಿ ಮಕ್ಕಳು ಕೇಳುತ್ತಾರೆ: ನಮ್ಮ ನಾಯಿಗೆ ಊಟ ಹಾಕುವವರು ಯಾರು, ನಮ್ಮ ಬೆಕ್ಕು ಸತ್ತುಹೋಗುವುದಿಲ್ಲವೇ, ನನ್ನ ಹೂವಿನ ಗಿಡ ಒಣಗುವುದಿಲ್ಲವೇ? ಪಟ್ಟಣದಲ್ಲಿ ದುಡಿದರೂ ಸಾಲ ತೀರುವುದಿಲ್ಲ, ಹಿಂದಿರುಗುವ ದಿನ ಬರುವುದೇ ಇಲ್ಲ.

ಗೊನ್ಜಾಗನ ಧ್ವನಿಮುದ್ರಣದಲ್ಲಿ ಈ ಕಥೆಯ ಸಾಲುಗಳ ನಡುವೆ ಹಿಮ್ಮೇಳದವರು ‘ನನ್ನ ದೇವರೇ, ನನ್ನ ದೇವರೇ’ ಎಂದು ಮತ್ತೆ ಮತ್ತೆ ಕೂಗುತ್ತಾರೆ. ಕೇಳುತ್ತಿದ್ದಂತೆ ನನಗೆ ನೀಲಗಾರರ ತಂಬೂರಿ ಕಥೆಯ ನೆನಪಾಯಿತು. ಕಥೆ ಎಷ್ಟೇ ಸಂಕಟದ್ದಾಗಿರಲಿ, ಪ್ರತಿ ತಿರುವಿನಲ್ಲಿ ಹಿಮ್ಮೇಳ ಮಂಟೇಸ್ವಾಮಿಯನ್ನೂ ಸಿದ್ದಯ್ಯಸ್ವಾಮಿಯನ್ನೂ ಬನ್ನಿ ಎಂದು ಕರೆಯುತ್ತಲೇ ಇರುತ್ತದೆ. ದೇವರು ಬಂದು ಸಂಕಟ ಬಿಡಿಸುತ್ತಾನೆಂಬ ಖಾತ್ರಿಯಿಂದ ಹುಟ್ಟಿದ ಕರೆ ಇದೆಂದು ನನಗೆ ತೋರುವುದಿಲ್ಲ. ನಡೆದದ್ದಕ್ಕೆ ಅವನೂ ಸಾಕ್ಷಿಯಾಗಿರಲಿ, ಕಾಣಲಿಲ್ಲವೆಂದು ನಾಳೆ ಹೇಳದಿರಲಿ ಎಂಬ ಹಟ ಅದರಲ್ಲಿದೆ.

‘ಆಸಾ ಬ್ರಾಂಕಾ’ಕ್ಕೆ ಉತ್ತರವೆಂಬಂತೆ ಗೊನ್ಜಾಗನು ವೈದ್ಯನೂ ಕವಿಯೂ ಆಗಿದ್ದ ಜೆ ದಾಂತಸ್ ಜೊತೆಗೂಡಿ 1950ರಲ್ಲಿ ಇನ್ನೊಂದು ಹಾಡು ಮಾಡಿದ. ಮಳೆ ಬಂದಿದೆ, ಪಾರಿವಾಳ ಮರಳಿದೆ, ರೈತನೂ ಮರಳುತ್ತಿದ್ದಾನೆ, ಬೆಳೆ ಕೈಗೆ ಬಂದರೆ ವರ್ಷದ ಕೊನೆಗೆ ಮದುವೆ. ಅಲ್ಲಿ ದೇವರಿಗೆ ಕೃತಜ್ಞತೆ ಹೇಳುವಾಗ ರೈತನು ಆಡುವ ಮಾತು ಎಚ್ಚರಿಕೆಯಿಂದ ಕೇಳುವಂಥದ್ದು: ಮಳೆ ಕಳಿಸಬೇಕೆಂದು ದೇವರಿಗೆ ಈಗ ನೆನಪಾಯಿತು ಎನ್ನುತ್ತಾನೆ. ಸಂತೋಷದಲ್ಲಿ ಹೇಳಿದ ಮಾತೇ ಹೌದು, ಆದರೆ ಇಷ್ಟು ದಿನ ನೀನು ಮರೆತಿದ್ದೆ ಎಂಬ ಆಕ್ಷೇಪಣೆ ಅದರೊಳಗೆ ಹಾಗೆಯೇ ಇದೆ.

ಈ ಎಲ್ಲ ಹಾಡುಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು 1960ರ ‘ಸೂಪ್ಲಿಕಾ ಸೆಯಾರೆನ್ಸೆ’, ಅಂದರೆ ಸೆಯಾರಾದವನ ಮೊರೆ. ಗೋರ್ದುರೀನ್ಹಾ ಮತ್ತು ನೆಲೀನ್ಹೊ ಎಂಬ ಇಬ್ಬರು ಕಟ್ಟಿದ ಹಾಡು ಅದು. ಇಲ್ಲಿ ಬರ ಮುಗಿದಿದೆ, ಆದರೆ ಬಂದದ್ದು ಊರು ಕೊಚ್ಚುವ ಮಳೆ. ಮಂಡಿಯೂರಿ ಮಳೆಗಾಗಿ ಪ್ರಾರ್ಥಿಸಿದ್ದ ಬಡವನು ಈಗ ದೇವರಲ್ಲಿ ಕ್ಷಮೆ ಕೇಳುತ್ತಾನೆ. ನಾನು ಕೇಳಿದ್ದು ಸೂರ್ಯ ಸ್ವಲ್ಪ ಹೊತ್ತು ಮರೆಯಾಗಲಿ ಎಂದು, ನೆಲದಲ್ಲಿ ಒಂದು ಗಿಡ ಹುಟ್ಟುವಷ್ಟು ಮೆಲ್ಲಗೆ ಮಳೆ ಬರಲಿ ಎಂದು. ನೀನು ಕೋಪಗೊಂಡು ಇರುವ ಮಳೆಯನ್ನೆಲ್ಲ ಸುರಿದೆಯೋ ಏನೋ, ಅಥವಾ ಸರಿಯಾಗಿ ಪ್ರಾರ್ಥಿಸಲು ಬಾರದ ನನ್ನದೇ ತಪ್ಪಿರಬೇಕು, ಕ್ಷಮಿಸು ಎನ್ನುತ್ತಾನೆ. ಬಡವನ ಬದುಕನ್ನು ಇದಕ್ಕಿಂತ ಕ್ರೂರವಾಗಿ, ಇದಕ್ಕಿಂತ ಮೆಲುದನಿಯಲ್ಲಿ ಹೇಳಿದ ಹಾಡನ್ನು ನಾನು ಕೇಳಿಲ್ಲ. ಪ್ರಕೃತಿ ಮುನಿದರೂ ಆಳುವವರು ಮರೆತರೂ ಕೊನೆಗೆ ತಪ್ಪು ಬಡವನ ತಲೆಯ ಮೇಲೆಯೇ ಬಂದು ಕೂರುತ್ತದೆ, ಅದನ್ನು ಅವನೇ ಎತ್ತಿ ಹೊತ್ತುಕೊಳ್ಳುತ್ತಾನೆ. ಹಾಗಿದ್ದೂ ಅವನು ತಾನು ಕೇಳಿದ್ದೇನೆಂಬುದನ್ನು ಒಂದೊಂದಾಗಿ ಮತ್ತೆ ಹೇಳುತ್ತಾನೆ. ತನ್ನ ನಾಡನ್ನು ಸದಾ ಸುಡುತ್ತಿದ್ದ ನರಕ ಮುಗಿಯಲಿ ಎಂದು ಬೇಡಿದ್ದಕ್ಕೂ ಕ್ಷಮೆ ಇರಲಿ ಎನ್ನುವಾಗ, ಆ ಕ್ಷಮಾಯಾಚನೆಯೇ ದೇವರ ಮೇಲಿನ ದೋಷಾರೋಪ ಪಟ್ಟಿಯಾಗಿಬಿಡುತ್ತದೆ.

ಪ್ರಾರ್ಥಿಸಲು ಬಾರದು ಎಂಬ ಇದೇ ಮಾತು ಸುಮಾರು ಹದಿನೇಳು ವರ್ಷಗಳ ನಂತರ ಬೇರೊಂದು ಸೀಮೆಯ ಹಾಡಿನಲ್ಲಿ ಮತ್ತೆ ಬರುತ್ತದೆ. ರೆನಾತೊ ತೇಶೈರಾ ಬರೆದ ‘ರೊಮರೀಯಾ’ ಎಂಬ ಯಾತ್ರೆಯ ಹಾಡನ್ನು ಎಲಿಸ್ ರೆಜಿನಾ 1977ರಲ್ಲಿ ಹಾಡಿದಳು. ಇದು ಬರದ ಸೀಮೆಯದಲ್ಲ. ಸಾವ್ ಪೌಲೊ ರಾಜ್ಯದ ಒಳನಾಡಿನ ಹಳ್ಳಿಗನದು. ಅವನು ಹೊರಟಿರುವುದು ಯೇಸುವಿನ ತಾಯಿ ಮೇರಿಯ ರೂಪವಾದ ಅಪರೆಸಿದಾ ಮಾತೆಯ ಸನ್ನಿಧಿಗೆ. ಪರೈಬಾ ದೊ ಸುಲ್ ನದಿಯಲ್ಲಿ 1717ರಲ್ಲಿ ಮೂವರು ಬೆಸ್ತರ ಬಲೆಗೆ ಮೊದಲು ದೇಹ, ಆಮೇಲೆ ತಲೆ ಸಿಕ್ಕಿದ ಕಪ್ಪುಬಣ್ಣದ ಪುಟ್ಟ ಮಣ್ಣಿನ ಮೂರ್ತಿ ಅವಳದು. ಅವಳನ್ನು 1930ರಲ್ಲಿ ಇಡೀ ಬ್ರೆಜಿಲಿನ ಪೋಷಕಿಯೆಂದು ಪೋಪ್ ಘೋಷಿಸಿದರು. ಬಡ ಬೆಸ್ತರ ಬಲೆಗೆ ಸಿಕ್ಕ ದೇವಿ ಬಡವರ ದೇವಿಯಾಗಿಯೇ ಉಳಿದಿದ್ದಾಳೆ. ಹಾಡಿನ ಹಳ್ಳಿಗನ ತಂದೆ ಕೂಲಿ, ತಾಯಿಯ ಪಾಲಿಗೆ ಬಂದದ್ದು ಒಂಟಿತನ, ಅಣ್ಣತಮ್ಮಂದಿರು ಬದುಕಿನ ಬೆನ್ನು ಹತ್ತಿ ಎಲ್ಲಿಯೋ ಕಳೆದುಹೋಗಿದ್ದಾರೆ. ಸನ್ನಿಧಿಯಲ್ಲಿ ನಿಂತು ಅವನು, ನನಗೆ ಪ್ರಾರ್ಥಿಸಲು ಬಾರದು, ನನ್ನ ನೋಟವನ್ನು ತೋರಿಸಲೆಂದಷ್ಟೇ ಬಂದೆ ಎನ್ನುತ್ತಾನೆ. ನನ್ನ ನೋಟ, ನನ್ನ ನೋಟ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ.

ಮಂತ್ರ ಬಾರದಿರುವುದು ಒಂದು ಹಾಡಿನಲ್ಲಿ ಅಪರಾಧ, ಇನ್ನೊಂದರಲ್ಲಿ ಕಾಣಿಕೆ. ಈ ಬಾರದಿರುವಿಕೆಗೆ ಚರಿತ್ರೆಯ ಕಾರಣವೂ ಇದೆ. ಕ್ಯಾಥೊಲಿಕ್ ಪೂಜೆ 1960ರ ದಶಕದವರೆಗೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಒಳನಾಡಿನಲ್ಲಿ ಪಾದ್ರಿಗಳ ಕೊರತೆ ಎಷ್ಟಿತ್ತೆಂದರೆ ಎಷ್ಟೋ ಹಳ್ಳಿಗಳು ಪಾದ್ರಿಯನ್ನು ಕಾಣುತ್ತಿದ್ದುದೇ ಅಪರೂಪ. ಆದ್ದರಿಂದ ಜನರ ಭಕ್ತಿಯನ್ನು ನಡೆಸಿಕೊಂಡು ಬಂದವರು ಮಂತ್ರಿಸಿ ಕಾಯಿಲೆ ವಾಸಿಮಾಡುವ ಮುದುಕಿಯರು, ಹರಕೆ ಹೊತ್ತು ಊರೂರು ತಿರುಗುವ ಬೈರಾಗಿಗಳು, ಹಾಡುಗಾರರು. ಉಳ್ಳವರು ದೇಗುಲ ಕಟ್ಟಿಸುತ್ತಾರೆ, ಬಡವನಾದ ನಾನೇನು ಮಾಡಲಿ ಎಂದು ಕೇಳಿದ ಬಸವಣ್ಣನವರ ನಾಡಿನವರು ನಾವು. ರೊಮರೀಯಾದ ಹಳ್ಳಿಗನು ನಮ್ಮ ಬಳಗಕ್ಕೆ ಸೇರಿದವನೆಂದು ಹೇಳಲು ನನಗೆ ಸಂಕೋಚವಿಲ್ಲ.

ಒಳನಾಡಿನ ಆ ಭಕ್ತಿಗೆ ಒಬ್ಬ ಪಾದ್ರಿಯೂ ಸಿಕ್ಕಿದರು. ಸೆಯಾರಾದ ಜುವಾಜೇರೊ ದೊ ನೊರ್ತೆಯ ಪಾದ್ರಿ ಸಿಸೆರೊ (1844–1934) ಕೊಟ್ಟ ಪ್ರಸಾದ 1889ರಲ್ಲಿ ಮರಿಯಾ ದಿ ಅರಾವುಜೊ ಎಂಬ ಬಡ ಭಕ್ತೆಯ ಬಾಯಲ್ಲಿ ರಕ್ತವಾಯಿತೆಂದು ಜನ ನಂಬಿದರು. ಚರ್ಚು ಅದನ್ನು ಒಪ್ಪದೆ ಅವರ ಪೌರೋಹಿತ್ಯದ ಅಧಿಕಾರವನ್ನು ಕಿತ್ತುಕೊಂಡಿತು, ವ್ಯಾಟಿಕನ್ನು ಅವರೊಂದಿಗೆ ರಾಜಿಯ ಮಾತಾಡಿದ್ದು 2015ರಲ್ಲಿ. ಜನರು ಮಾತ್ರ ಅಷ್ಟು ಕಾಲ ಕಾಯಲಿಲ್ಲ. ಲಾರಿಗಳಲ್ಲಿ ತುಂಬಿಕೊಂಡು ಹೋಗಿ ಹರಕೆ ತೀರಿಸಿದರು, ಹಾಡು ಕಟ್ಟಿದರು, 1969ರಲ್ಲಿ ಬೆಟ್ಟದ ಮೇಲೆ 27 ಮೀಟರ್ ಎತ್ತರದ ಪ್ರತಿಮೆ ಎದ್ದಿತು. ಸಿಸೆರೊ ರಾಜಕಾರಣದಲ್ಲಿ ಜಮೀನುದಾರರ ಜೊತೆಗಿದ್ದರೆಂಬುದನ್ನೂ ಮರೆಯಬಾರದು. ಬಡವರು ತಮ್ಮ ಸಂತನನ್ನು ಆರಿಸಿಕೊಳ್ಳುವಾಗ ನಮ್ಮ ಲೆಕ್ಕಾಚಾರಗಳನ್ನು ಕೇಳುವುದಿಲ್ಲ.

ಈ ಭಕ್ತಿಯನ್ನು ಹೊರಗಿನಿಂದ ನೋಡಿ ಪ್ರಶ್ನಿಸಿದ ಹಾಡೂ ಇದೆ. ಜಿಲ್ಬೆರ್ತೊ ಜಿಲ್ 1960ರ ದಶಕದ ನಡುವೆ ಬರೆದ ‘ಪ್ರೊಸಿಸ್ಸಾವ್’ ಒಂದು ಮೆರವಣಿಗೆಯನ್ನು ಚಿತ್ರಿಸುತ್ತದೆ: ಜನರು ಹಾವಿನಂತೆ ನೆಲದ ಮೇಲೆ ಸರಿಯುತ್ತಿದ್ದಾರೆ, ಯೇಸು ಕೊಟ್ಟ ಮಾತನ್ನು ನೆಚ್ಚಿ ಇಲ್ಲಿಯ ನೋವನ್ನು ಸಹಿಸುತ್ತಿದ್ದಾರೆ, ಬೆಳೆಯಿಲ್ಲದ ಸೆರ್ತಾವ್ ಹಾಗೆಯೇ ಉಳಿದಿದೆ. ಬಹಿಯಾದ ಒಳನಾಡಿನ ಇತುವಾಸು ಎಂಬ ಸಣ್ಣ ಊರಿನಲ್ಲಿ ವೈದ್ಯರ ಮಗನಾಗಿ ಬೆಳೆದ ಜಿಲ್, ಇಂಥ ಮೆರವಣಿಗೆಗಳನ್ನು ಕಂಡವನೇ. ಆದರೂ ಈ ಹಾಡಿನಲ್ಲಿ ಆ ಕಾಲದ ಎಡಪಂಥೀಯ ವಿದ್ಯಾರ್ಥಿಯ ದನಿ ಗಟ್ಟಿಯಾಗಿದೆ. ಜನರನ್ನು ಹಾವಿಗೆ ಹೋಲಿಸುವ ಆ ಎತ್ತರದ ನೋಟ ನನಗೆ ಹಿಡಿಸುವುದಿಲ್ಲ. ಮಾದಪ್ಪನ ಬೆಟ್ಟದಲ್ಲಿ ಉರುಳುಸೇವೆ ಮಾಡುವವರನ್ನು ಹತ್ತಿರದಿಂದ ಕಂಡವರು ಹಾಗೆ ಬರೆಯಲಾರರು. ಆದರೆ ಇದೇ ಹಾಡಿನಲ್ಲಿ ಜಿಲ್, ನಾನೂ ಯೇಸುವಿನ ಕಡೆಯವನೇ, ಈ ಭೂಮಿಯ ಮೇಲೆ ಬದುಕುವ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕೆಂದು ಹೇಳುವುದನ್ನು ಅವನು ಮರೆತನೇನೋ ಎನ್ನುತ್ತಾನೆ. ಜೆ ದಾಂತಸನ ರೈತ ಮಳೆಯ ಬಗ್ಗೆ ಆಡಿದ ಆಕ್ಷೇಪಣೆಯೇ ಇಲ್ಲಿ ಬದುಕಿನ ಬಗ್ಗೆ ಬಂದಿದೆ: ದೇವರು ಮರೆತಿದ್ದಾನೆ. ಹೀಗೆ ಹೊರಗಿನಿಂದ ಹೊರಟ ಹಾಡೂ ಮೆರವಣಿಗೆಯೊಳಗೆ ಬಂದು ಸೇರುತ್ತದೆ.

ಮಳೆಗಿಂತ ಆಳದಲ್ಲಿದ್ದ ಪ್ರಶ್ನೆ ಭೂಮಿಯದು. ಜೊಆವ್ ಕಬ್ರಾಲ್ ದಿ ಮೆಲೊ ನೆತೊ ಬರೆದ, ಪೆರ್ನಂಬುಕೊದ ಕ್ರಿಸ್ಮಸ್ ನಾಟಕವೆಂದೇ ಕರೆಸಿಕೊಂಡ ಪದ್ಯನಾಟಕವೊಂದನ್ನು ಸಾವ್ ಪೌಲೊದ ವಿದ್ಯಾರ್ಥಿ ರಂಗತಂಡ 1965ರಲ್ಲಿ ಆಡಿದಾಗ, ಅದಕ್ಕೆ ಸಂಗೀತ ಕೊಟ್ಟವನು ಆಗ ಇಪ್ಪತ್ತೊಂದರ ಹರೆಯದ ಶೀಕೊ ಬುವಾರ್ಕೆ. ಅದರಲ್ಲಿ ಒಬ್ಬ ಕೂಲಿಯ ಶವಸಂಸ್ಕಾರದ ಹಾಡಿದೆ. ನೀನೀಗ ಮಲಗಿರುವ ಈ ಗುಂಡಿಯೇ ದೊಡ್ಡ ಜಮೀನಿನಲ್ಲಿ ನಿನ್ನ ಪಾಲಿಗೆ ಬಂದ ತುಂಡು, ಹಂಚಿಕೆಯಾಗಲೆಂದು ನೀನು ಬಯಸಿದ ಭೂಮಿ ಇದೇ ಎಂದು ಸತ್ತವನಿಗೆ ಹೇಳುತ್ತಾರೆ. ಕ್ರಿಸ್ತನ ಜನನವನ್ನು ಹಾಡುವ ಜಾನಪದ ನಾಟಕದ ಚೌಕಟ್ಟಿನೊಳಗೆ ಸೈನಿಕ ಸರ್ಕಾರದ ಕಾಲದಲ್ಲಿ ಈ ಮಾತನ್ನು ಹೇಳಿದರು. ನಮ್ಮ ಸ್ಥಿತಿ ಬೇರೆ ಎಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ಒಪ್ಪಬೇಕು. ಉಳುವವನೇ ಭೂಮಿಯ ಒಡೆಯ ಎಂಬ 1974ರ ಭೂಸುಧಾರಣೆ ನಮ್ಮಲ್ಲಿ ಗೇಣಿದಾರರಿಗೆ ಭೂಮಿ ಕೊಟ್ಟಿತು, ಬ್ರೆಜಿಲಿನಲ್ಲಿ ಅಂಥದ್ದು ನಡೆಯಲಿಲ್ಲ. ಆದರೆ ಎರಡು ಎಕರೆಯ ಒಡೆತನ ಸಾಲದಿಂದ ಕಾಪಾಡುವುದಿಲ್ಲ ಎಂಬುದನ್ನು, ನಾಲೆಯ ನೀರಿದ್ದೂ 2015ರಲ್ಲಿ ಕಬ್ಬು ಬೆಳೆಗಾರರು ಜೀವ ಕಳೆದುಕೊಂಡ ಮಂಡ್ಯ ಜಿಲ್ಲೆಯವರು ಬಲ್ಲರು.

ಗೊನ್ಜಾಗ ಮತ್ತು ಜೆ ದಾಂತಸ್ 1953ರಲ್ಲಿ ಮಾಡಿದ ‘ವೋಜೆಸ್ ದ ಸೆಕಾ’ದಲ್ಲಿ ಕೇಳಿಕೆ ದೇವರನ್ನು ದಾಟಿ ಸರ್ಕಾರಕ್ಕೆ ತಿರುಗುತ್ತದೆ. ದಕ್ಷಿಣದ ಸಿರಿವಂತರು ಕಳಿಸಿದ ನೆರವಿಗೆ ಧನ್ಯವಾದ ಹೇಳಿ, ಗಟ್ಟಿಮುಟ್ಟಾದ ಮನುಷ್ಯನಿಗೆ ಕೊಟ್ಟ ಭಿಕ್ಷೆ ಅವನನ್ನು ನಾಚಿಕೆಯಿಂದ ಕೊಲ್ಲುತ್ತದೆ ಇಲ್ಲವೇ ಕೆಡಿಸುತ್ತದೆ ಎಂದು ನೇರವಾಗಿ ನುಡಿದು, ಕೆಲಸ ಕೊಡಿ, ಅಣೆಕಟ್ಟು ಕಟ್ಟಿಸಿ, ಆಹಾರದ ಬೆಲೆ ಇಳಿಸಿ ಎಂದು ಕೇಳುತ್ತದೆ. ಅದರ ಹಿಂದಿನ ವರ್ಷ, 1952ರಲ್ಲಿ, ಪೆರ್ನಂಬುಕೊದ ಏಳು ವರ್ಷದ ಹುಡುಗನೊಬ್ಬ ತಾಯಿಯೊಂದಿಗೆ ಲಾರಿಯಲ್ಲಿ 13 ದಿನ ಪ್ರಯಾಣ ಮಾಡಿ ಸಾವ್ ಪೌಲೊ ರಾಜ್ಯ ಸೇರಿದ್ದ. ಆ ಹುಡುಗ ಲೂಲಾ ಮುಂದೆ ದೇಶದ ಅಧ್ಯಕ್ಷನಾದ. ಬಡ ಕುಟುಂಬಗಳಿಗೆ ನೇರ ಹಣ ಕೊಡುವ ‘ಬೋಲ್ಸಾ ಫಮೀಲಿಯಾ’ ಮತ್ತು ಮನೆಯ ಮಾಡಿನ ಮಳೆನೀರನ್ನು 16,000 ಲೀಟರಿನ ತೊಟ್ಟಿಯಲ್ಲಿ ಹಿಡಿದಿಡುವ ಯೋಜನೆ, ಎರಡೂ 2003ರಲ್ಲಿ ಆರಂಭವಾದವು. ಆದ್ದರಿಂದ 2012ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆದ ಬರದಲ್ಲಿ ಹಿಂದಿನ ಬರಗಳಂತೆ ಜನ ಸಾಮೂಹಿಕವಾಗಿ ಗುಳೆ ಹೋಗಲಿಲ್ಲ, ಹಸಿವಿನಿಂದ ಸಾಯಲಿಲ್ಲ. ಸಂತ ಜೋಸೆಫನಿಗೆ ಸಲ್ಲಿಸಿದ ಮೊರೆಗಳ ಒಂದು ಭಾಗಕ್ಕೆ ಉತ್ತರ ಕೊಟ್ಟದ್ದು ಸಿಮೆಂಟಿನ ತೊಟ್ಟಿ. ಅದರಿಂದ ಸಂತನ ಹಬ್ಬವೇನೂ ಮಂಕಾಗಿಲ್ಲ.

ಈ ಹಾಡುಗಳ ಬಗ್ಗೆ ಒಂದು ಆತಂಕವೂ ನನಗಿದೆ. ಅವುಗಳಲ್ಲಿ ಹೆಚ್ಚಿನವು ಧ್ವನಿಮುದ್ರಣಗೊಂಡದ್ದು ಮಹಾನಗರಗಳಲ್ಲಿ, ಹಬ್ಬಿದ್ದು ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆಗಳ ಮಾರುಕಟ್ಟೆಯ ಮೂಲಕ. ಕೇಳಿದವರಲ್ಲಿ ಊರು ಬಿಟ್ಟುಬಂದ ಕೂಲಿಗಳಂತೆಯೇ, ಬಡತನವನ್ನು ಎಂದೂ ಕಾಣದವರೂ ಇದ್ದರು. ಎಲಿಸ್ ರೆಜಿನಾಳಂಥ ನಗರದ ದೊಡ್ಡ ಗಾಯಕಿ ಹಾಡಿದ್ದರಿಂದ ಹಳ್ಳಿಗನ ಹಾಡಿಗೆ ದೊರೆತ ಗೌರವ ನಿಜವಾದದ್ದು. ಆದರೆ ಹಳ್ಳಿಯ ಬಡತನಕ್ಕೆ ಸುಂದರವಾದ ರಾಗ ಸಿಕ್ಕಿದೊಡನೆ, ಕೇಳುವವರು ರಾಗವನ್ನು ಇಟ್ಟುಕೊಂಡು ದೂರನ್ನು ಮರೆಯುವ ಅಪಾಯವಿದೆ. ನಮ್ಮಲ್ಲಿಯೂ ಮಾದೇಶ್ವರನ ಪದಗಳು ವೇದಿಕೆಗೂ ಸಿನಿಮಾಕ್ಕೂ ಬಂದಾಗ ಉಳಿಯುವುದು ಹೆಚ್ಚಾಗಿ ಕಂಸಾಳೆಯ ಕುಣಿತ ಮತ್ತು ಉಘೇ ಎಂಬ ಉದ್ಘೋಷ. ಕೋರಣ್ಯದ ಭಿಕ್ಷೆಗೆ ಬಂದ ಮಾದಪ್ಪನು ಇಕ್ಕೇರಿ ದೇವಮ್ಮನ ಸಾಲಿನಲ್ಲಿ ಸಿರಿವಂತಿಕೆಯ ಸೊಕ್ಕನ್ನು ಮುರಿಯುವ ಭಾಗವನ್ನು ರಾತ್ರಿಯಿಡೀ ಕುಳಿತು ಕೇಳುವವರು ಕಡಿಮೆಯಾಗುತ್ತಿದ್ದಾರೆ. ದೇವರೇ ಭಿಕ್ಷೆಗೆ ಬಂದು ಉಳ್ಳವರ ಮನೆಯ ಲೆಕ್ಕ ನೋಡುವ ಅಂಥ ಕಥೆಯಿರುವ ಸೀಮೆಯವರು ಗೊನ್ಜಾಗನನ್ನು ಕೇಳಬೇಕಾದದ್ದು ಆ ಕಿವಿಯಿಂದ. ಬ್ರೆಜಿಲಿನಲ್ಲಿಯೂ ಕ್ರಿಸ್ಮಸ್‌ನಿಂದ ಜನವರಿ 6ರವರೆಗೆ ಹಳ್ಳಿಗರ ತಂಡಗಳು ಬಾವುಟ ಹಿಡಿದು ಮನೆಮನೆಗೆ ಹೋಗಿ, ಶಿಶು ಯೇಸುವನ್ನು ಕಾಣಲು ಹೊರಟ ಮೂವರು ಅರಸರ ಯಾತ್ರೆಯನ್ನು ಹಾಡಿ ಕಾಣಿಕೆ ಪಡೆಯುತ್ತವೆ. ಅಂಥ ಒಂದು ಜಾನಪದ ಹಾಡನ್ನು ಮಿಲ್ಟನ್ ನಸಿಮೆಂತೊ 1976ರಲ್ಲಿ ಹಾಡಿ ದೇಶಕ್ಕೆಲ್ಲ ಕೇಳಿಸಿದ.

ಕೊನೆಗೆ, ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಒಂದು ಹಾಡು, ಸಾ ಮತ್ತು ಗ್ವರಬೀರಾ ಜೋಡಿಯ 1977ರ ‘ಸೊಬ್ರಾದೀನ್ಹೊ’. ಸಾವ್ ಫ್ರಾನ್ಸಿಸ್ಕೊ ನದಿಗೆ ಆ ಹೆಸರಿನ ಅಣೆಕಟ್ಟು ಕಟ್ಟಿದಾಗ ಸುಮಾರು 70,000 ಜನರು ನೆಲೆ ಕಳೆದುಕೊಂಡರು. ಸೆರ್ತಾವ್ ಒಂದು ದಿನ ಸಮುದ್ರವಾಗುತ್ತದೆ ಎಂದು ಹಳೆಯ ಬೈರಾಗಿಯೊಬ್ಬ ನುಡಿದಿದ್ದನೆಂದು ನೆನೆಯುವ ಹಾಡು, ಮುಳುಗಿದ ನಾಲ್ಕು ಊರುಗಳಿಗೆ ಹೆಸರು ಹಿಡಿದು ವಿದಾಯ ಹೇಳುತ್ತದೆ: ರೆಮಾನ್ಸೊ, ಕಾಜಾ ನೋವಾ, ಸೆಂತೊ ಸೆ, ಪಿಲಾವ್ ಅರ್ಕಾದೊ. ಭವಿಷ್ಯವಾಣಿ ನಿಜವಾದದ್ದು ಬಡವರ ಊರು ಮುಳುಗಿಸಿ ಎಂಬ ಸಂಕಟ ಅದರ ಒಂದೊಂದು ಸಾಲಿನಲ್ಲಿದೆ. ಮಂಡ್ಯಕ್ಕೆ ಅನ್ನ ಕೊಟ್ಟ ಕೃಷ್ಣರಾಜಸಾಗರಕ್ಕಾಗಿಯೂ ಊರುಗಳು ಮುಳುಗಿದವು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಬರಗಾಲದಲ್ಲಿ ನೀರು ಇಳಿದಾಗಲೆಲ್ಲ ಮೇಲೆ ಕಾಣಿಸುತ್ತಿತ್ತು, ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ದೇವರಿಗೆ ಹೊಸ ನೆಲೆ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಆ ಊರುಗಳನ್ನು ಬಿಟ್ಟೆದ್ದು ಹೋದ ಒಕ್ಕಲುಗಳು ತಮ್ಮ ದೇವರಿಗೆ ಏನು ಹೇಳಿ ಹೊರಟರು ಎಂಬುದನ್ನು ಹೇಳುವ ಒಂದು ಪದವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಕಡೆಯ ಹಿರಿಯರ ಬಾಯಲ್ಲಿ ಅಂಥ ಹಾಡು ಉಳಿದಿದ್ದರೆ, ಅದನ್ನು ಅವರ ಊರಿನ ಹೆಸರಿನೊಂದಿಗೆ ಬರೆದುಕೊಳ್ಳುವ ಆಸೆ ನನಗಿದೆ. ತಿಳಿದವರು ದಯವಿಟ್ಟು ತಿಳಿಸಬೇಕು.